ಇಳಿದವ್ವನ ಬಂಡೆ

ತುಂಗಭದ್ರೆಯ ದಂಡೆಯಲ್ಲಿರುವ ನೀರಗುಂದಿಯ ಹತ್ತಿರ ಹೊಳೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಆ ತಿರುವಿನಲ್ಲಿ ದಂಡೆಯಿಂದ ನೀರಿನೊಳಕ್ಕೆ ಚಾಚಿಕೊಂಡ, ಎಮ್ಮೆಯ ಬೆನ್ನಿನಂತೆ ನುಣುಪಾದ ಒಂದು ಕರಿ ಬಂಡೆಯುಂಟು. ಮೇಲುಗಡೆ ಹೊಳೆ ದನ ಕುಡಿಯುವ ಕೆರೆಯಷ್ಟು ಶಾಂತ; ಬಂಡೆ ದಾಟಿದ್ದೇ ತಡ, ಸೆಳವು ಹಗ್ಗ ಹೊಸೆದಂತೆ ತಿರುಚಿಕೊಂಡು ಓಡುತ್ತದೆ. ಬಂಡೆಯ ನೆತ್ತಿಯ ಮೇಲೆ ಆಳೆತ್ತರದ ಒಂದು ಕಲ್ಲುಗುಡಿ. ಅದರ ಬಾಗಿಲು ಊರ ಕಡೆಗೂ ಇಲ್ಲ, ಮೂಡಣಕ್ಕೂ ಇಲ್ಲ, ನೇರವಾಗಿ ಹೊಳೆಗೆ ಮುಖಮಾಡಿದೆ. ಬಸ್ಸಿನವರು ಈ ನಿಲ್ದಾಣಕ್ಕೆ 'ಇಳಿದವ್ವ' ಎಂದು ಕೂಗುತ್ತಾರೆ. ಮೊದಲ ಸಲ ಬಂದವರು ದೇವಿಯ ಹೆಸರು ಕೇಳಿ, ಆಕೆ ಎಲ್ಲಿಂದ ಇಳಿದಳು, ಕೈಲಾಸದಿಂದಲೋ, ಗುಡ್ಡದ ಮೇಲಿನಿಂದಲೋ ಎಂದು ವಿಚಾರಿಸುವುದುಂಟು. ಊರ ಹಿರಿಯರು ಆಗ ಮೆಲ್ಲನೆ ನಗುತ್ತಾರೆ. 'ಅಷ್ಟು ಎತ್ತರದಿಂದ ಅಲ್ಲ. ಹರಿಗೋಲಿನಿಂದ ಇಳಿದಳು. ನಮ್ಮ ಭಾರ ನೋಡಿ ಇಳಿದಳು' ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಭಾಗದ ಹೊಳೆಗೆ ಸೇತುವೆಯೆಂಬುದೇ ಇಲ್ಲದ ಕಾಲದಲ್ಲಿ, ನೀರಗುಂದಿಯ ದೇವಿಗೆ ಕೆಂಚವ್ವ ಎಂದು ಹೆಸರಿತ್ತು. ಆಚೆ ದಂಡೆಯ ಬನದೂರಿನಲ್ಲಿ ಆಕೆಯ ಅಕ್ಕ ಬನದವ್ವನ ಗುಡಿ. ವರ್ಷಕ್ಕೊಮ್ಮೆ, ಸೀಗೆ ಹುಣ್ಣಿಮೆಯ ದಿನ, ತಂಗಿ ಹೊಳೆ ದಾಟಿ ಅಕ್ಕನ ಮನೆಗೆ ಹೋಗಿ ಉಡಿ ತುಂಬಿಸಿಕೊಂಡು ಬರುವುದು ಪದ್ಧತಿ. ಬನದೂರಿನ ಗುಡಿಯಲ್ಲಿ ಸಂಜೆಯ ದೀಪ ಹಚ್ಚುವುದರೊಳಗೆ ಆಕೆ ಅಲ್ಲಿರಬೇಕು. ದೀಪ ಹಚ್ಚಿದ ಮೇಲೆ ಬಂದರೆ ಆ ವರ್ಷ ಉಡಿ ತುಂಬುವಂತಿಲ್ಲ. ಈ ಪಯಣಕ್ಕೆ ಹಿರಿಯರು ಇನ್ನೆರಡು ಕಟ್ಟಳೆಗಳನ್ನು ಮಾಡಿದ್ದರು. ದೇವಿಯ ಜೊತೆ ಹರಿಗೋಲು ಹತ್ತಿದವರು ಆಕೆಗಿಂತ ಮೊದಲು ಇಳಿಯಬಾರದು. ಇಳಿದರೆ ಅವ್ವನಿಗೆ ಬೆನ್ನು ತೋರಿಸಿದಂತೆ, ಆ ಮನೆಗೆ ವರ್ಷವೆಲ್ಲ ಏಳಿಗೆಯಿಲ್ಲ. ಹರಿಗೋಲಿನಲ್ಲಿ ಕುಳಿತ ದೇವಿಯನ್ನು ಆಚೆ ದಂಡೆಯ ಹೊರತು ಬೇರೆಲ್ಲೂ ನೆಲಕ್ಕಿಡಬಾರದು. ನಡುವೆ ಇಳಿಸಿದ ಪೂಜಾರಿಯ ಕೈ ಮತ್ತೆ ಆಕೆಯನ್ನು ಮುಟ್ಟುವಂತಿಲ್ಲ. ಕಟ್ಟಳೆ ಮಾಡಿದವರು ಭಕ್ತಿಯಿಂದಲೇ ಮಾಡಿದ್ದರು, ಅನುಮಾನವಿಲ್ಲ. ಆದರೆ ಹರಿಗೋಲಿನಲ್ಲಿ ಎಷ್ಟು ಜನ ಕೂರಬೇಕೆಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು? ಕುಳಿತವಳು ಸಾಕ್ಷಾತ್ ಜಗನ್ಮಾತೆ!

ಆಗ ಕೆಂಚವ್ವನ ಪೂಜೆ ಮಾಡುತ್ತಿದ್ದವನು ಹಾಲಪ್ಪ. ಹೆಸರಿಗೆ ತಕ್ಕ ಮನಸ್ಸು. ಮೀಸೆ ಮೂಡುವ ಮೊದಲೇ ತಂದೆಯಿಂದ ಪೂಜೆಯ ಗಂಟೆ ಹಿಡಿದವನು, ಈಗ ಮೀಸೆಯೆಲ್ಲ ಬೆಳ್ಳಗಾಗಿತ್ತು. ಹೆಂಡತಿ ಮಕ್ಕಳಿಲ್ಲದ ಆ ಜೀವಕ್ಕೆ ದೇವಿಯೇ ತಾಯಿ, ದೇವಿಯೇ ಮಗಳು. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ, ವರ್ಷದ ಕೂಸಿನಷ್ಟೇ ಹಗುರಾದ ಆ ಮೂರ್ತಿಯನ್ನು ಒರೆಸಿ, ಸೀರೆ ಉಡಿಸಿ, ಎಡೆ ಇಡುವಾಗ ಅವನು ಮಾತಾಡುತ್ತಲೇ ಇರುತ್ತಿದ್ದ. 'ಯವ್ವಾ, ಇವತ್ತು ಸಾರಿಗೆ ಉಪ್ಪು ಒಂಚೂರು ಹೆಚ್ಚಾಗೇತಿ, ಸುಧಾರಿಸ್ಕೋ' ಎನ್ನುವುದನ್ನು ಗುಡಿಯ ಹೊರಗಿದ್ದವರು ಕೇಳಿ ನಗುತ್ತಿದ್ದರಂತೆ. ಅವನಿಗಿದ್ದುದು ಒಂದೇ ಕುಂದು. ಬಾಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟುತ್ತಿರಲಿಲ್ಲ. ಕೇಳಿದವರಿಗೆಲ್ಲ ಹೂವು, ಕೇಳಿದವರಿಗೆಲ್ಲ ತೀರ್ಥ, ಕೇಳಿದವರಿಗೆಲ್ಲ ಅವ್ವನ ಹರಿಗೋಲಿನಲ್ಲಿ ಜಾಗ.

ಆ ವರ್ಷ ಮಳೆರಾಯ ಕಣ್ಣು ತೆರೆದಿದ್ದ. ಜೋಳ ಆಳುದ್ದ ನಿಂತಿತ್ತು. ಹೊಟ್ಟೆ ತುಂಬಿದ ಊರಿಗೆ ಭಕ್ತಿಯೂ ತುಂಬಿತು. ಈ ಸಲ ಅವ್ವನ ಜೊತೆಗೇ ದಾಟಬೇಕೆಂದು ಮನೆಮನೆಯವರೂ ಹಾಲಪ್ಪನ ಹತ್ತಿರ ಬಂದರು. ಅಂಬಿಗರ ತುಂಗವ್ವ ಎಷ್ಟು ಸಲ ಬೇಕಾದರೂ ಹೋಗಿಬರಲು ಸಿದ್ಧಳಿದ್ದಳು. ಆದರೆ ಅವ್ವ ಹೋದ ಮೇಲೆ ಎರಡನೆಯ ಸುತ್ತಿನಲ್ಲಿ ಹೋಗುವುದೆಂದರೆ ಊಟದ ಪಂಕ್ತಿಯಿಂದ ಎಬ್ಬಿಸಿ ಹಿಂದೆ ಕೂರಿಸಿದಂತೆ ಎಂದು ಜನ ತಿಳಿದಿದ್ದರು. ಹಾಲಪ್ಪ ಒಬ್ಬೊಬ್ಬರಿಗೂ ಕೈಮುಗಿದು, 'ಬರ್ರಿ, ಬರ್ರಿ. ಅವ್ವನ ಹರಿಗೋಲಿನ್ಯಾಗ ಜಾಗಕ್ಕೇನು ಬರ?' ಎಂದ. ಹೀಗೆ ಹುಣ್ಣಿಮೆಯ ದಿನ ಮಧ್ಯಾಹ್ನ, ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡನೆಯ ಹರಿಗೋಲಿನಲ್ಲಿ ಕಾಲಿಡಲು ತೆರಪಿಲ್ಲದಂತೆ ಊರೇ ತುಂಬಿತು. ನಡುವೆ ದೇವಿಯನ್ನು ತೊಡೆಯ ಮೇಲಿಟ್ಟುಕೊಂಡ ಹಾಲಪ್ಪ. ಅವನ ಎದುರಿಗೆ, ಮೂವರ ಜಾಗದಲ್ಲಿ ಒಬ್ಬರೇ ಚಕ್ಕಳಮಕ್ಕಳ ಹಾಕಿದ ಚನ್ನವೀರನಗೌಡರು. ಪಕ್ಕದಲ್ಲಿ ಉಡಿ ತುಂಬುವ ಹೋಳಿಗೆಯ ಬುಟ್ಟಿಯನ್ನು ಕೂಸಿನಂತೆ ಅವುಚಿಕೊಂಡ ಮುದುಕಿ ಕೊಟ್ರವ್ವ. ಸುತ್ತ ಹೆಂಗಸರು, ಕೂಸೆತ್ತಿಕೊಂಡ ಒಬ್ಬ ಬಾಣಂತಿ, ಮಕ್ಕಳು, ಡೊಳ್ಳಿನವರು, ಡೊಳ್ಳುಗಳು.

ತುಂಗವ್ವ ಹುಟ್ಟು ಹಿಡಿದು ನಿಂತು ಒಮ್ಮೆ ಎಲ್ಲರನ್ನೂ ನೋಡಿದಳು. ಬಗ್ಗಿ ಹರಿಗೋಲಿನ ಅಂಚಿಗೂ ನೀರಿಗೂ ನಡುವೆ ಕೈ ಇಟ್ಟಳು. ಗೇಣು ಅಗಲಿಸಬೇಕಾದಲ್ಲಿ ಎರಡು ಬೆರಳಷ್ಟೇ ಹಿಡಿದವು.

'ಪೂಜಾರಪ್ಪಾ, ಅವ್ವನ ಮಹಿಮಾ ದೊಡ್ಡದು, ಖರೆ. ಆದ್ರ ನನ್ನ ಹರಿಗೋಲು ಸಣ್ಣದು' ಎಂದಳು.

'ಹೊರಾಕ ಅವ್ವ ಅದಾಳ, ಬಿಡು ಯವ್ವಾ.'

'ಹೊರಾಕಿ ಆಕೀನ ಆದ್ರ ನನ್ನ ಕೈಯಾಗ ಹುಟ್ಟು ಯಾಕ ಕೊಟ್ರಿ? ಅರ್ಧ ಮಂದಿ ಇಳೀರಿ. ಇವರನ್ನ ಬಿಟ್ಟು ಬಂದು ನಿಮ್ಮನ್ನ ಕರಕೊಂಡು ಹೋಗ್ತೀನಿ.'

ಯಾರೂ ಅಲುಗಲಿಲ್ಲ. ದೇವಿ ಆಗಲೇ ಕುಳಿತಾಗಿತ್ತು. ಈಗ ಇಳಿದವರ ಮನೆಯ ಗತಿ ಏನು? ಗೌಡರು ಗಂಟಲು ಸರಿಮಾಡಿಕೊಂಡು, 'ನಾ ಇಳಿದ್ರ ಊರ ಇಳಿದಂಗ' ಎಂದರು. ಕೊಟ್ರವ್ವ ಸೆರಗು ಬಿಗಿಮಾಡಿಕೊಂಡಳು. 'ನನ್ನನ್ಯಾಕ ನೋಡ್ತೀಯೇ ತುಂಗವ್ವಾ? ನಾ ಹುಲ್ಲುಕಡ್ಡಿ ಇದ್ದಂಗ ಅದೀನಿ. ಗೌಡರ ಹೊಟ್ಟಿ ಒಂದು ಇಳಸಿದ್ರ ನಮ್ಮಂಥೋರು ನಾಕು ಮಂದಿ ಕುಂದರಬೌದು.' ಗೌಡರು ಸುಮ್ಮನಿರುವರೆ? 'ನನ್ನ ಹೊಟ್ಟಿಗಿಂತ ನಿನ್ನ ಹೋಳಿಗಿ ಬುಟ್ಟಿ ಭಾರ ಐತಿ ಮುದುಕಿ. ಇಲ್ಲೇ ಹಂಚಿಬಿಡು, ಹಗುರ ಆಗ್ತೈತಿ' ಎಂದರು. 'ಹಂಚಿದ್ರ ಮತ್ತ ನಿಮ್ಮ ಹೊಟ್ಟಿಗೇ ಹೋಗೂದಲ್ಲರೀ, ಭಾರ ಎಲ್ಲಿಗೆ ಹೋತು?' ಎಂದಳು ಕೊಟ್ರವ್ವ. ಹರಿಗೋಲಿಗೆ ಹರಿಗೋಲೇ ನಕ್ಕಿತು, ನಕ್ಕ ರಭಸಕ್ಕೆ ಓಲಾಡಿತು. ತುಂಗವ್ವ ಮಾತ್ರ ನಗಲಿಲ್ಲ. 'ಆ ಕರಿ ಬಂಡಿಗಲ್ಲಿನ ಮಟ ನೀರು ಸುಮ್ಮನ ಐತಿ, ಅಲ್ಲೀಮಟ ದಂಡಿ ಹಿಡಿದು ಒಯ್ತೀನಿ. ಅಲ್ಲಿಂದ ಮುಂದ ಸೆಳವು. ಅಷ್ಟರಾಗ ಯಾರು ಇಳಿಯೋರು ಅಂತ ನೀವ ಮಾತಾಡಿಕೊಳ್ರಿ' ಎಂದು ಹುಟ್ಟು ಹಾಕಿದಳು.

ಮಾತಾಡಿಕೊಳ್ಳುವವರು ಯಾರು? ಡೊಳ್ಳು ಬಡಿಯತೊಡಗಿತು, ಹೆಂಗಸರು ಹಾಡು ಎತ್ತಿದರು. ಹಾಲಪ್ಪನಿಗೆ ಸುತ್ತಲ ಮುಖಗಳನ್ನು ನೋಡಿ ಎದೆ ತುಂಬಿ ಬಂದಿತ್ತು. ಇಷ್ಟು ಜನರಿಗೆ ಸಂತೋಷ ಕೊಟ್ಟೆನಲ್ಲ, ತಾಯಿ, ಎಂದುಕೊಳ್ಳುವಷ್ಟರಲ್ಲಿ ಹರಿಗೋಲು ಬಂಡೆಯ ಪಕ್ಕಕ್ಕೆ ಬಂದು ನಿಂತಿತು. ತುಂಗವ್ವ ಹುಟ್ಟನ್ನು ಕಲ್ಲಿನ ಸಂದಿಗೆ ಒತ್ತಿಹಿಡಿದು, 'ಇನ್ನ ಹೇಳ್ರಿ' ಎಂದಳು. ಎಲ್ಲರೂ ಹಾಲಪ್ಪನ ಕಡೆ ನೋಡಿದರು. ಯಾರಿಗೆ ಇಳಿ ಎನ್ನಬೇಕು? ಕೊಟ್ರವ್ವನಿಗೆ? ಮೊದಲ ಸಲ ಬಂದ ಬಾಣಂತಿಗೆ? ತಾನು ಹೇಳಲಾರದ್ದನ್ನು ದೇವಿಯೇ ಹೇಳಲಿ ಎಂದು ಆಕೆಯ ಮುಡಿಯ ಮೇಲೆ ಸೇವಂತಿಗೆಯ ಹೂವುಗಳನ್ನಿಟ್ಟು ಕಣ್ಣು ಮುಚ್ಚಿದ. 'ಅವ್ವಾ, ಹಿಂಗ ಎಲ್ಲಾರೂ ಕೂಡಿ ಹೋಗೂದಾದ್ರ ಬಲಗಡೆ ಹೂ ಕೊಡು. ಬ್ಯಾಡ ಅಂದ್ರ ಎಡಗಡೆ ಕೊಡು' ಎಂದು ಬೇಡಿಕೊಂಡ. ಡೊಳ್ಳು ನಿಂತಿತು. ಹೊಳೆಯ ಸದ್ದೊಂದೇ. ಅಷ್ಟರಲ್ಲಿ ಹಳದಿ ಹೂವೊಂದು ಮೆಲ್ಲನೆ ಜಾರಿ, ದೇವಿಯ ಬಲಭುಜಕ್ಕೆ ತಾಗಿ, ಗಾಳಿಗೆ ಆ ಕಡೆ ಕುಳಿತವರ ತಲೆಯ ಮೇಲಿನಿಂದ ಹಾರಿ ಹರಿಗೋಲಿನ ಆಚೆಗೆ ನೀರಿಗೆ ಬಿತ್ತು.

'ಬಲಗಡೆ! ಬಲಗಡೆ ಕೊಟ್ಲು! ಉಧೋ ಕೆಂಚವ್ವಾ, ಉಧೋ!' ಎಂದು ಜನ ಬೊಬ್ಬೆ ಹೊಡೆದರು. ಹೊಡೆದವರು ಸುಮ್ಮನೆ ಕೂರಲಿಲ್ಲ. ನೀರಿನ ಮೇಲಿನ ಹೂವನ್ನು ನೋಡಲು ಎಲ್ಲರೂ ಬಲಕ್ಕೆ ವಾಲಿದರು. ಹರಿಗೋಲೂ ಅವರ ಜೊತೆ ವಾಲಿತು. ಅಂಚು ನೀರಿಗೆ ತಾಗಿತು. ಹೊರಗೆ ಬಿದ್ದ ಹೂವು ಒಂದು ಸಣ್ಣ ಅಲೆಯ ಮೇಲೆ ಕುಳಿತು, ಯಾವ ಅಡ್ಡಿಯೂ ಇಲ್ಲದೆ, ನೆಂಟರ ಮನೆಯ ಹೊಸ್ತಿಲು ದಾಟುವವರಂತೆ ಅಂಚು ದಾಟಿ ಒಳಗೆ ಬಂತು. ಹೂವಿನ ಹಿಂದೆ ಹೊಳೆಯೂ ಬಂತು.

'ಅಲುಗಬ್ಯಾಡ್ರಿ! ಕುಂತಲ್ಲೇ ಕುಂದರ್ರಿ! ಮಕ್ಕಳನ್ನ ಹಿಡಕೊಳ್ರಿ!' ತುಂಗವ್ವ ಮೈಯ ಬಲವನ್ನೆಲ್ಲ ಹುಟ್ಟಿಗೆ ಹಾಕಿ ಹರಿಗೋಲನ್ನು ಬಂಡೆಗೆ ಒತ್ತಿ ನಿಲ್ಲಿಸಿದಳು. ನೀರು ಪಾದ ಮುಚ್ಚಿತು. ಮಕ್ಕಳು ಚೀರಿದರು. ಒಂದು ಹೆಜ್ಜೆ ಆಚೆಗೆ ಒಣಗಿದ ಬಂಡೆಯಿತ್ತು. ಆದರೂ, ನೋಡಿ, ಒಬ್ಬರೂ ಏಳಲಿಲ್ಲ. ಮುಳುಗುವ ಭಯ ಒಂದು ಕಡೆ, ಅವ್ವನಿಗೆ ಬೆನ್ನು ತೋರಿಸುವ ಭಯ ಒಂದು ಕಡೆ. ಎಲ್ಲರ ಕಣ್ಣೂ ಹಾಲಪ್ಪನ ತೊಡೆಯ ಮೇಲೆ. ಹಾಲಪ್ಪ ಕೆಳಗೆ ನೋಡಿದ. ಒಳಗೆ ಬಂದ ಹೂವು ತೇಲುತ್ತ ಬಂದು ದೇವಿಯ ಪಾದಕ್ಕೆ ತಾಗಿ ನಿಂತಿತ್ತು. ಆ ಪಾದವೂ ಒದ್ದೆ. ಉಟ್ಟ ಹೊಸ ಸೀರೆಯ ನಿರಿಗೆಯೂ ಒದ್ದೆ. ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು: ಅವ್ವ ಹೊರುತ್ತಾಳೆ ಎಂದೆ, ಆಕೆಯೂ ನಮ್ಮ ಹಾಗೆ ಇದೇ ಬುಟ್ಟಿಯಲ್ಲಿ ಕುಳಿತಿದ್ದಾಳಲ್ಲ! ನಾನು ಇಳಿಸದೆ ತಾಯಿ ಇಳಿಯಲಾರಳು, ತಾಯಿ ಇಳಿಯದೆ ಮಕ್ಕಳು ಇಳಿಯಲಾರರು. ನಡುವೆ ಕುಳಿತವನು ನಾನು.

ದೇವಿಯನ್ನು ಇಲ್ಲಿ ಇಳಿಸಿದರೆ ಈ ಕೈಗಳು ನಾಳೆ ಬೆಳಿಗ್ಗೆ ಆಕೆಗೆ ಎಣ್ಣೆ ಹಚ್ಚುವುದಿಲ್ಲ, ಸೀರೆ ಉಡಿಸುವುದಿಲ್ಲ, ಉಪ್ಪು ಹೆಚ್ಚಾದ ಸಾರಿನ ಎಡೆ ಇಡುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ದೇವಿಯನ್ನು ಎದೆಗೆ ಒತ್ತಿಕೊಂಡ. ಹುಟ್ಟಿದಾರಭ್ಯ ಯಾರಿಗೂ ಇಲ್ಲವೆನ್ನದ ಆ ಬಾಯಿ ಮೊದಲ ಸಲ ಹೇಳಿದ್ದು ದೇವಿಗೇ: 'ಬ್ಯಾಡವ್ವಾ. ಇಷ್ಟು ಭಾರ ಬ್ಯಾಡ. ಇಳಿ, ನನ್ನವ್ವಾ.' ಹಾಗೆಂದು ಎದ್ದು, ಒಂದು ಹೆಜ್ಜೆ ಇಟ್ಟು, ಕೆಂಚವ್ವನನ್ನು ಬಂಡೆಯ ಮೇಲೆ ಕೂರಿಸಿದ.

ಅವ್ವ ಇಳಿದ ಮೇಲೆ ಇನ್ನು ಯಾರ ಅಪ್ಪಣೆ ಬೇಕು? ತುಂಗವ್ವ ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು ಎಂದು ಹೆಸರು ಹಿಡಿದು ಕೂಗುತ್ತ ಇಳಿಸಿದಳು. ಊರು ಇಳಿಯುವುದಕ್ಕೂ ಮುಂಚೆ ಗೌಡರು ಇಳಿದಿದ್ದರು ಎಂದು ಕೊಟ್ರವ್ವ ಸಾಯುವ ತನಕ ಹೇಳುತ್ತಿದ್ದಳಂತೆ. ಒಬ್ಬರಿಗೂ ಏನೂ ಆಗಲಿಲ್ಲ. ಎರಡು ಡೊಳ್ಳು ನೆನೆದವು, ಅಷ್ಟೇ.

ಜೀವಕ್ಕೆ ಜೀವ ಬಂದ ಮೇಲೆ ಜನರಿಗೆ ಕಟ್ಟಳೆ ನೆನಪಾಯಿತು. ಗೌಡರು ಒದ್ದೆ ಧೋತರ ಹಿಂಡುತ್ತ, ಹಾಲಪ್ಪನ ಮುಖ ನೋಡಲಾರದೆ, 'ಛಲೋ ಕೆಲಸ ಮಾಡಿದಿ ಹಾಲಪ್ಪಾ. ನಮ್ಮನ್ನೆಲ್ಲ ಉಳಿಸಿದಿ. ಆದ್ರ ಕಟ್ಟಳಿ ಕಟ್ಟಳೀನ' ಎಂದರು. ಹಾಲಪ್ಪ ತಲೆಯಾಡಿಸಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ಸರಿದು ನಿಂತ. ಹೊತ್ತು ಇಳಿಯುತ್ತಿತ್ತು. ಅವ್ವನನ್ನು ಮೊದಲು ದಾಟಿಸೋಣ, ಅಕ್ಕನ ಮನೆಯ ದೀಪ ತಪ್ಪಬಾರದು ಎಂದು ಗೌಡರು ತಮ್ಮ ತಂಗಿಯ ಮಗ ಸಿದ್ಲಿಂಗನನ್ನು ಕರೆದರು. ಗರಡಿಯಲ್ಲಿ ಸಂಗ್ರಾಣಿ ಕಲ್ಲನ್ನು ಚೆಂಡಿನಂತೆ ಎತ್ತುವ ಹುಡುಗ. ಕೈಕಾಲು ತೊಳೆದು, ಮಣಿದು, ಆ ಹಗುರಾದ ಮರದ ಮೂರ್ತಿಗೆ ಕೈ ಹಾಕಿದ. ಮೂರ್ತಿ ಏಳಲಿಲ್ಲ. ಮತ್ತೊಮ್ಮೆ ಹಾಕಿದ. ಕುತ್ತಿಗೆಯ ನರ ಉಬ್ಬಿದವೇ ಹೊರತು ದೇವಿ ಮಿಸುಕಲಿಲ್ಲ.

'ಯಾಕೋ ಸಿದ್ಲಿಂಗಾ, ಮುಂಜಾನಿ ಉಂಡಿಲ್ಲೇನು?' ಎಂದರು ಯಾರೋ. ಇನ್ನಿಬ್ಬರು ಕೈ ಸೇರಿಸಿದರು. ಬಂಡೆ ಎದ್ದರೂ ಏಳಬಹುದಿತ್ತು, ಅವ್ವ ಏಳಲಿಲ್ಲ. ನಗುತ್ತಿದ್ದವರು ನಗು ನಿಲ್ಲಿಸಿ ಕೈಮುಗಿದರು. ಆಗ ಕೊಟ್ರವ್ವ ಮುಂದೆ ಬಂದು ದೇವಿಯ ಮುಖವನ್ನೇ ದಿಟ್ಟಿಸಿ ನೋಡಿ, 'ಎಷ್ಟು ಜಗ್ಗತೀರೋ, ಬಿಡ್ರೋ! ನಿಮ್ಮ ಮನ್ಯಾಗ ಅವ್ವ ಯಾವಾಗ ಉಣ್ತಾಳ? ಮಕ್ಕಳೆಲ್ಲ ಉಂಡ ಮ್ಯಾಲ ಹೌದಿಲ್ಲೋ? ಈಕೀನೂ ಹಂಗ. ಮಕ್ಕಳು ಮೊದ್ಲು ದಾಟಲಿ ಅಂತ ಭಾರ ಆಗಿ ಕುಂತಾಳ' ಎಂದಳು. ಓದು ಬರಹ, ಶಾಸ್ತ್ರ, ಪ್ರಶ್ನೆ ಯಾವುದೂ ಬೇಕಾಗಲಿಲ್ಲ. ಹೆತ್ತವಳು ಹೇಳಿದ್ದು ಎಲ್ಲರಿಗೂ ತಿಳಿಯಿತು.

ಆಮೇಲೆ ತುಂಗವ್ವನ ಹರಿಗೋಲು ಹೊಳೆಯ ಮೇಲೆ ಮಗ್ಗದ ಲಾಳಿಯಂತೆ ಓಡಾಡಿತು. ಅಂಚಿಗೂ ನೀರಿಗೂ ನಡುವೆ ಅವಳ ಗೇಣು ಹಿಡಿಯುವಷ್ಟು ಜನ, ಒಬ್ಬರೂ ಹೆಚ್ಚಿಲ್ಲ. ಕೂಸಿನೊಂದಿಗೆ ಬಾಣಂತಿ ಮೊದಲು ಹೋದಳು, ಹೆಂಗಸರು, ಮಕ್ಕಳು ಹೋದರು, ಡೊಳ್ಳಿನವರು ಹೋದರು, 'ನೀನು ಮುಂದಿನ ಸುತ್ತಿಗೆ' ಎಂದರೆ ಈಗ ಯಾರಿಗೂ ಅವಮಾನವಾಗಲಿಲ್ಲ. ಅವಮಾನ ಹೇಗಾದೀತು? ಹಿಂದೆ ಉಳಿದವರು ಅವ್ವನ ಪಕ್ಕದಲ್ಲಿ ಕೂರುತ್ತಿದ್ದರು! ಬಂಡೆಯ ಮೇಲೆ ಇದ್ದಷ್ಟು ಹೊತ್ತು ಹಾಡು, ನಗೆ. ಹಾಲಪ್ಪನೊಬ್ಬನೇ ಅತ್ತ ಕೈ ಕಟ್ಟಿ ನಿಂತು, ತುಟಿ ಅಲುಗಿಸದೆ ದೇವಿಯ ಜೊತೆ ಮಾತಾಡುತ್ತಿದ್ದ. ನಾಳೆಯಿಂದ ಯಾರು ಬಂದರೂ ಉಪ್ಪು ಸರಿಯಾಗಿ ಹಾಕುತ್ತಾರೆ, ನೀನು ಬೇಜಾರು ಮಾಡಿಕೊಳ್ಳಬೇಡ ಎಂದನೋ ಏನೋ, ಅದು ಅವರಿಬ್ಬರಿಗೇ ಗೊತ್ತು.

ಕೊನೆಗೆ ಬಂಡೆಯ ಮೇಲೆ ಗೌಡರು, ಹಾಲಪ್ಪ, ಹುಟ್ಟು ಹಿಡಿದ ತುಂಗವ್ವ, ಇಷ್ಟೇ ಜನ ಉಳಿದರು. ಆಚೆ ದಂಡೆಯ ಮರಗಳ ನೆರಳು ಅರ್ಧ ಹೊಳೆಯನ್ನು ದಾಟಿತ್ತು. ಗೌಡರು ರುಮಾಲು ತೆಗೆದಿಟ್ಟು ತಾವೇ ಮೂರ್ತಿಗೆ ಕೈ ಹಾಕಿದರು. ಇಲ್ಲ. ಬೆವರು ಒರೆಸಿಕೊಂಡು ಎದ್ದು ನಿಂತರು. ತುಂಗವ್ವ ತಡೆಯಲಾರದೆ, 'ಗೌಡ್ರ, ಎಲ್ಲಾರೂ ದಾಟ್ಯಾರ. ಆದ್ರೂ ಅವ್ವ ಯಾಕ ಏಳವಲ್ಲಳು? ಇನ್ನೂ ಒಬ್ಬ ಮಗ ಆಕೀ ಕಣ್ಣ ಮುಂದ ದೂರ ನಿಂತಾನಲ್ಲರಿ' ಎಂದಳು.

ಗೌಡರು ಹಾಲಪ್ಪನತ್ತ ತಿರುಗಿದರು. ಅವರ ದನಿ ಮೆತ್ತಗಾಗಿತ್ತು. 'ಕಟ್ಟಳಿ ನಾವು ಮಾಡಿದ್ದು ಹಾಲಪ್ಪಾ, ಆಕಿ ಸಲುವಾಗಿ ಮಾಡಿದ್ದು. ಆಕೀಗೇ ಬ್ಯಾಡಾದ್ರ ನಂದೇನು? ಬಾ, ಎತ್ತು.'

ಹಾಲಪ್ಪ ಕಟ್ಟಿಕೊಂಡಿದ್ದ ಕೈಗಳನ್ನು ಬಿಚ್ಚಿ ಹತ್ತಿರ ಬಂದ. 'ಅವ್ವಾ, ಹೋಗೂಣೇನು?' ಎಂದು ಮೆಲ್ಲನೆ ಕೇಳಿ ಕೈ ಚಾಚಿದ. ಕೈ ಚಾಚಿದ್ದಷ್ಟೇ ಅವನಿಗೆ ಗೊತ್ತು. ಅವನು ಎತ್ತಲಿಲ್ಲ, ಅವ್ವನೇ ತೋಳಿಗೆ ಬಂದಳು ಎನ್ನುತ್ತಾರೆ. ನಿದ್ದೆಗಣ್ಣಿನ ಕೂಸು ತಾಯಿಯ ಹೆಗಲಿಗೆ ಬಂದಷ್ಟು ಹಗುರವಾಗಿ ಬಂದಳು ಎನ್ನುತ್ತಾರೆ. ಮುದಿ ಪೂಜಾರಿ ಅಳುತ್ತ ನಕ್ಕ. ತುಂಗವ್ವ ಅಂದು ಹಾಕಿದ ಹುಟ್ಟಿಗೆ ಹೊಳೆಯೇ ದಾರಿ ಬಿಟ್ಟಿತು. ಬನದೂರಿನ ಪೂಜಾರಿ ದೀಪಕ್ಕೆ ಬತ್ತಿ ಹಾಕಿ ಎಣ್ಣೆ ಎರೆಯುತ್ತಿದ್ದ. ಅಷ್ಟರಲ್ಲಿ ಡೊಳ್ಳಿನ ಸದ್ದಿನೊಡನೆ ತಂಗಿ ಅಕ್ಕನ ಹೊಸ್ತಿಲು ತುಳಿದಳು. ಕೊಟ್ರವ್ವನ ಬುಟ್ಟಿಯ ಹೋಳಿಗೆ ಸ್ವಲ್ಪ ನೆನೆದಿದ್ದವು. ಬನದವ್ವ ಬೇಸರಪಟ್ಟುಕೊಂಡ ಸೂಚನೆ ಏನೂ ಕಾಣಲಿಲ್ಲ. ಉಡಿ ತುಂಬಿತು.

ಆ ವರ್ಷದಿಂದ ನೀರಗುಂದಿಯವರು ಹಳೆಯ ಕಟ್ಟಳೆಗಳನ್ನು ಹೊಳೆಗೆ ಬಿಟ್ಟು, ಮಕ್ಕಳೆಲ್ಲ ದಾಟಿದ ಮೇಲೆ ಅವ್ವ ದಾಟುವುದೆಂದು ಗೊತ್ತುಮಾಡಿದರು. ಅವಳು ಕುಳಿತು ಕಾದ ಜಾಗದಲ್ಲಿ ಗುಡಿ ಎದ್ದಿತು. ಕೆಂಚವ್ವನೆಂಬ ಹೆಸರು ಮಂಗಳಾರತಿಯ ಪದದಲ್ಲಿ ಮಾತ್ರ ಉಳಿದು, ಜನರ ಬಾಯಲ್ಲಿ ಆಕೆ ಇಳಿದವ್ವನಾದಳು.

ಈಗ ಅಲ್ಲಿ ಹರಿಗೋಲಿನ ಬದಲು ಮೋಟಾರು ದೋಣಿ ಓಡುತ್ತದೆ. ಹತ್ತಿದವರಿಗೆಲ್ಲ ಕಿತ್ತಳೆ ಬಣ್ಣದ ಜಾಕೀಟು ತೊಡಿಸುತ್ತಾರೆ. ಇಷ್ಟೇ ಜನ ಎಂದು ಬರೆದ ಸರಕಾರದ ಹಲಗೆಯೂ ಉಂಟು. ಅದನ್ನು ಓದುವವರು ಕಡಿಮೆ, ಓದುವ ಅಗತ್ಯವೂ ಕಡಿಮೆ. ದೋಣಿ ತುಂಬಿತೆಂದರೆ ಅಂಬಿಗ ಕೈ ಎತ್ತುತ್ತಾನೆ. ಹತ್ತಿ ಕುಳಿತವರು ಹೆಚ್ಚಾದರೆ, 'ಅವ್ವನೇ ಇಳಿದಾಳ, ನಿಮ್ಮದೇನ್ರಿ?' ಎನ್ನುತ್ತಾನೆ. ಅಷ್ಟು ಸಾಕು. ಎಂಥ ದೊಡ್ಡ ಮನುಷ್ಯನಾದರೂ ನಗುತ್ತ ಎದ್ದು ಬಂಡೆಯ ಮೇಲೆ ಕಾಲಿಡುತ್ತಾನೆ. ಇಳಿದವರಿಗೆ ಪೂಜಾರಿ ಮೊದಲ ಪ್ರಸಾದ ಕೊಡುತ್ತಾನೆ, ಮಂಡಕ್ಕಿ, ಪುಟಾಣಿ, ಒಂದು ಚೂರು ಬೆಲ್ಲ. ಈ ಆಸೆಗೆ ಕೆಲವು ಚಾಲಾಕಿ ಮಕ್ಕಳು ದೋಣಿ ತುಂಬಿದ ಮೇಲೆಯೇ ಹತ್ತಲು ಬರುವುದುಂಟು. ಅಂಬಿಗ ಸುಳ್ಳು ಸಿಟ್ಟಿನಿಂದ ಗದರಿಸಿ ಇಳಿಸುವುದುಂಟು. ಯಾವ ದಿನ ಹೋದರೂ ಕಾಣುತ್ತದೆ: ದೋಣಿ ಹೊಳೆಯ ನಡುವೆ ಹಗುರಾಗಿ ಸಾಗುತ್ತಿರುತ್ತದೆ, ಈಚೆ ಬಂಡೆಯ ಮೇಲೆ, ಮುಂದಿನ ಸುತ್ತಿಗೆ ಉಳಿದವರು ಕಾಲು ಇಳಿಬಿಟ್ಟುಕೊಂಡು, ಮಂಡಕ್ಕಿ ಮೆಲ್ಲುತ್ತ, ಯಾವ ಅವಸರವೂ ಇಲ್ಲದೆ ಕುಳಿತಿರುತ್ತಾರೆ. ಅವರ ಬೆನ್ನಿಗೆ ಇಳಿದವ್ವನೂ ಕುಳಿತಿರುತ್ತಾಳೆ.